ಗಾಡಿಯವನು ತೂಗಿದ ಕರ್ಪೂರ

ತಕ್ಕಡಿಯ ಅಂಕಿ ಓದುವಾಗಲೆಲ್ಲ ಇಂಚರ ಉಸಿರು ಬಿಗಿಹಿಡಿಯುತ್ತಿದ್ದಳು. ಅಂದು ಉಸಿರು ಬಿಟ್ಟು ಕೇಳಿದಳು: "ಸರ್, ನಿಲ್ಲದೆ ಹೋಗುವುದನ್ನು ಅಳೆಯುವುದು ಹೇಗೆ?"

ಒತ್ತಡದ ಪಾತ್ರೆಯೊಳಗೆ ಇಂಗಾಲದ ಡೈಆಕ್ಸೈಡ್ ಅತ್ತ ಅನಿಲವೂ ಅಲ್ಲ, ಇತ್ತ ದ್ರವವೂ ಅಲ್ಲ ಎಂಬಂತೆ ಇರುತ್ತಿತ್ತು. ಅದರೊಳಗೆ ಇಟ್ಟ ಪಾಲಿಮರ್ ತುಣುಕು ಅದನ್ನು ಹೀರಿಕೊಳ್ಳುತ್ತಿತ್ತು. ಎಷ್ಟು ಹೀರಿತೆಂದು ಹೇಳಲಾಗದಿದ್ದರೆ ಅವಳ ಮೂರು ವರ್ಷದ ಸಂಶೋಧನೆಗೆ ಬೆಲೆಯಿಲ್ಲ. ಪಾತ್ರೆ ತೆರೆದು ತಕ್ಕಡಿಗೆ ಓಡುವಷ್ಟರಲ್ಲಿ ಹೀರಿದ್ದರಲ್ಲಿ ಎಷ್ಟೋ ಹಾರಿಹೋಗಿರುತ್ತಿತ್ತು. ಅವಳು ಒಂದು ಅಂಕಿ ಓದಿ ತುಣುಕನ್ನು ಬಿಸಾಡುತ್ತಿದ್ದಳು. ಮರುದಿನ ಇನ್ನೂ ಜೋರಾಗಿ ಓಡುತ್ತಿದ್ದಳು.

ಮೇಷ್ಟ್ರು ವಿರೂಪಾಕ್ಷಯ್ಯ ಸ್ಟೂಲು ಎಳೆದುಕೊಂಡು ಕೂತು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಮೊದಲ ಸಲ ದೂರದೂರಿನಿಂದ ಕರ್ಪೂರದ ಗಟ್ಟಿ ತರಿಸಿದ. ಗಾಡಿಯವನೊಬ್ಬ ಐದು ದಿನ ದಾರಿ ಸವೆಸಿ ತಂದ. ಕಳಿಸಿದವನು ತೂಕ ಬರೆದು ಒಂದು ಕಾಗದ ಕೊಟ್ಟಿದ್ದ. ಗಾಡಿಯವನಿಗೆ ಓದು ಬಾರದು. ವ್ಯಾಪಾರಿ ಕಾಗದ ಓದಿದ, ಗಟ್ಟಿಯನ್ನು ತೂಗಿದ. ಎಂಬತ್ತು ತೊಲ ಬಂತು.

"ಏನಯ್ಯಾ, ಮಿಕ್ಕಿದ್ದನ್ನು ನೀನು ತಿಂದೆಯೋ, ನಿನ್ನ ಎತ್ತು ತಿಂದವೋ?"

ನೆರೆದವರು ನಕ್ಕರು. ಕಳ್ಳನೆನಿಸಿಕೊಂಡವನ ಗಾಡಿಗೆ ಆಮೇಲೆ ಯಾರೂ ಸರಕು ಹೇರುವುದಿಲ್ಲ.

"ಕಾಗದದಲ್ಲಿ ಎಷ್ಟಿದೆ ಅಂತ ಹೇಳಬೇಡಿ ಧಣಿ," ಎಂದ ಗಾಡಿಯವನು. "ಗಟ್ಟಿ ತಕ್ಕಡಿಯಲ್ಲೇ ಇರಲಿ. ನಾಳೆ ಇಷ್ಟು ಹೊತ್ತಿಗೆ ನಾನೇ ಹೇಳ್ತೀನಿ."

ಜಾವಕ್ಕೊಮ್ಮೆ ತೂಗಿದ. ಎಲ್ಲರ ಕಣ್ಣೆದುರಿಗೇ, ಯಾರೂ ಮುಟ್ಟದೆ, ಜಾವಕ್ಕೆ ಅರ್ಧ ತೊಲ ಇಳಿಯಿತು. ಎಂಟು ಜಾವದ ಒಂದು ದಿನಕ್ಕೆ ನಾಲ್ಕು ತೊಲ. ಗಾಡಿಯವನು ಇದ್ದಿಲು ತೆಗೆದುಕೊಂಡು, ತಾನು ಬಂದ ದಾರಿಯಲ್ಲಿ ಹಿಂದಕ್ಕೆ ಹೊರಟವನಂತೆ, ದಿನಕ್ಕೊಂದು ಗೆರೆಯನ್ನು ಗೋಡೆಯ ಮೇಲೆ ಎಳೆಯುತ್ತ ಹೋದ. ಎಂಬತ್ತಕ್ಕೆ ನಾಲ್ಕು ಸೇರಿಸಿದ. ಎಂಬತ್ತನಾಲ್ಕು, ಎಂಬತ್ತೆಂಟು. ಐದನೆಯ ಗೆರೆಗೆ ನಿಂತ.

"ನಾನು ಗಾಡಿ ಕಟ್ಟಿದ ದಿನ ಇದು ನೂರು ತೊಲ ಇತ್ತು."

ವ್ಯಾಪಾರಿ ಕಾಗದವನ್ನು ಜನರತ್ತ ತಿರುಗಿಸಿ ಹಿಡಿದ. ನೂರು ಎಂದೇ ಬರೆದಿತ್ತು. ನಿನ್ನೆ ನಕ್ಕವರೇ ಗಾಡಿಯವನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆಬೀದಿಯ ತುಂಬ ಮೆರೆಸಿದರು.

ಇಂಚರಳ ಮುಖ ಅರಳಿತು. "ಗೆದ್ದುಬಿಟ್ಟ ಸರ್! ಆದರೆ ಅವನ ಕರ್ಪೂರ ನಿಧಾನಕ್ಕೆ ಹೋಗುತ್ತಿತ್ತು. ನನ್ನದು ಓಡುತ್ತದೆ."

"ಓಡಲಿ, ತುಣುಕನ್ನು ಬಿಸಾಡದೆ ತಕ್ಕಡಿಯಲ್ಲೇ ಬಿಟ್ಟು, ಅನಿಲ ಹೇಗೆ ಓಡುತ್ತದೆಂದು ಒಂದು ದಿನವಾದರೂ ಕೂತು ನೋಡಿದ್ದರೆ ಹೇಳಮ್ಮ, ಕೇಳೋಣ."