ತಲೆಗಿಷ್ಟು ನೀರು

“ಗುರುಗಳೇ, ಆಸ್ಪತ್ರೆಗಳಿಗೆಂದು ಒಂದು ಸಾಫ್ಟ್‌ವೇರ್ ಮಾಡಿದ್ದೇನೆ. ಯಾವ ರೋಗಿಗೆ ಯಾವ ಮದ್ದು ಕೊಟ್ಟೆವೆಂದು ನರ್ಸ್‌ಗಳು ತಂತಮ್ಮ ಹೆಸರಿನಲ್ಲಿ ಅದರಲ್ಲಿ ಬರೆದಿಡುತ್ತಾರೆ. ಬಳಸುವವರ ತಲೆ ಎಣಿಸಿ, ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಇಡಬೇಕೆಂದಿದ್ದೇನೆ. ಇದಕ್ಕಿಂತ ನ್ಯಾಯ ಬೇರೆ ಉಂಟೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನ ಲೆಕ್ಕ ನಿನಗೆ ಚೆಂದವೇ ಕಾಣುತ್ತದೆ ಬಿಡು. ಕೂತುಕೋ, ಒಂದು ಕತೆ ಕೇಳು.

ಒಬ್ಬ ವ್ಯಾಪಾರಿಯಿದ್ದ. ನೀರಿಲ್ಲದ ಊರಿನಲ್ಲಿ ಬಾವಿ ತೋಡಿಸಿದ. ಕಟುಕನೇನಲ್ಲ, ಪಾಪ, ಒಳ್ಳೆಯವನೇ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಹಣ ಎಂದ. ಲೆಕ್ಕದಲ್ಲಿ ತಲೆ ಬಚ್ಚಿಟ್ಟ ಮನೆಗೆ ನೀರು ಬಂದ್ ಎಂದೂ ಹೇಳಿದ. ಊರವರಿಗೂ ಅದು ಸರಿಕಂಡಿತು.

ಮೊದಲ ಸಲ ಎಣಿಸಿದಾಗ ಊರು ತುಂಬಿತ್ತು. ಮುಂದಿನ ಸಲ ಮುದುಕರು ಕಾಣಲಿಲ್ಲ. ಆಮೇಲೆ ಮಕ್ಕಳೂ ಕಾಣಲಿಲ್ಲ. ನೀರು ಮಾತ್ರ ಮೊದಲಿನಷ್ಟೇ ಖರ್ಚಾಗುತ್ತಿತ್ತು. ವ್ಯಾಪಾರಿ ಬೀದಿಗೆ ಬಂದರೆ ಒಂದು ಕೆಮ್ಮೂ ಕೇಳಿಸದು. ಬಾಗಿಲ ಸಂದಿಯಲ್ಲಿ ಉಸಿರಾಟ ಕೇಳಿಸುತ್ತಿತ್ತು. ಅವನಿಗೆ ಭಯವಾಗುತ್ತಿತ್ತು.

ಒಂದು ದಿನ ಒಬ್ಬ ಪುಟ್ಟ ಹುಡುಗಿ ಬಾವಿಗೆ ಬಿದ್ದಳು. ವ್ಯಾಪಾರಿಯೇ ಇಳಿದು ಎತ್ತಿದ. ಯಾರೂ ಓಡಿ ಬರಲಿಲ್ಲ. ಅವಳ ಕೈಹಿಡಿದು ಮನೆಮನೆಗೂ ಹೋದ. ನಮ್ಮದಲ್ಲ, ನಮ್ಮದಲ್ಲ ಎಂದರು. ಕೊನೆಯ ಮನೆಯಲ್ಲಿ ಒಬ್ಬ ಹೆಂಗಸು ಬಾಗಿಲು ತೆರೆದಳು. ಮಗುವನ್ನು ಕಂಡು ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು.

‘ನಿನ್ನ ಮಗಳೇನಮ್ಮ?’

ಹೌದೆಂದರೆ ಮನೆಗೆ ನೀರಿಲ್ಲ. ‘ನಮ್ಮಲ್ಲಿ ಇಬ್ಬರೇ, ಧಣಿ’ ಎಂದಳು.

ಒದ್ದೆ ಬಟ್ಟೆಯಲ್ಲಿ ನಿಂತಿದ್ದ ಮಗು ವ್ಯಾಪಾರಿಯ ಮುಖ ನೋಡಿತು. ‘ಹೌದು, ಇಬ್ಬರೇ. ನಾನಿಲ್ಲ’ ಎಂದಿತು.

ವ್ಯಾಪಾರಿ ಮಗುವಿನ ಕೈಯನ್ನು ಆ ಹೆಂಗಸಿನ ಕೈಗಿಟ್ಟ. ಇನ್ನು ತಲೆ ಎಣಿಸುವುದಿಲ್ಲ, ಮನೆಗಿಷ್ಟು ಕೊಟ್ಟರೆ ಸಾಕು, ಹಿಂದಿನದಕ್ಕೆ ಶಿಕ್ಷೆಯಿಲ್ಲ ಎಂದು ಅಲ್ಲೇ ನಿಂತು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದ. ಹೆಂಗಸು ಗೋಳೋ ಎಂದು ಅತ್ತಳು.”

“ಅಬ್ಬಾ! ಸದ್ಯ, ಎಲ್ಲ ಸರಿಹೋಯಿತಲ್ಲ” ಎಂದ ಶಿಷ್ಯ.

“ಬೆಲೆ ಸರಿಹೋಯಿತು ಕಣಯ್ಯ, ಆದರೆ ತಾಯಿ ಮಗಳನ್ನು ಹೆಸರು ಹಿಡಿದು ಕರೆದಾಗ, ಯಾರನ್ನು ಕರೆಯುತ್ತಿದ್ದಾಳೋ ಎಂದು ಆ ಮಗು ಹಿಂದಕ್ಕೆ ತಿರುಗಿ ನೋಡಿತು” ಎಂದರು ಗುರುಗಳು.