ಹುಟ್ಟಿಲ್ಲದ ಹರಿಗೋಲು

"ಕೇಳಿರಿ, ಕೇಳಿರಿ! ಸೋಲನ್ನೇ ಅರಿಯದ ರಣಧವಳ ಮಹಾರಾಜರ ಅಪ್ಪಣೆ! ರಾಜಕುಮಾರಿ ಮಲ್ಲಲದೇವಿ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯೊಡನೆ ಮದುವೆ. ಒಂದು ತಪ್ಪಿದರೂ ಹುಟ್ಟಿಲ್ಲದ ಹರಿಗೋಲಿನಲ್ಲಿ ಕೂರಿಸಿ ಹೊಳೆಯ ಸುಳಿಗೆ ಬಿಡಲಾಗುವುದು!"

ಡಂಗುರದವನು ಅರ್ಧ ರಾಜ್ಯ ಎಂಬಲ್ಲಿ ದನಿ ಏರಿಸಿ, ಸುಳಿ ಎಂಬಲ್ಲಿ ಇಳಿಸಿದ. ಹಾಗಾಗಿ ಗಂಡುಗಳ ಸಾಲು ಅರಮನೆ ದಾಟಿ ಬೀದಿಗೆ ಬಂತು.

ಮದುವೆಯ ಆಸೆ ಅಪ್ಪನದು, ಶಿಕ್ಷೆಯೂ ಅಪ್ಪನದು. ಮಲ್ಲಲದೇವಿಗೆ ಬೇಕಾಗಿದ್ದುದು ಬೇರೆ: ಒಂದು ಸಾವಿನ ಕಾರಣ ಬಲ್ಲವನು. ಹನ್ನೆರಡು ದೋಣಿ ಪಂದ್ಯ ಗೆದ್ದಿದ್ದ ಅವಳ ಅಣ್ಣ ಹೋದ ವರ್ಷ ಅದೇ ಸುಳಿಯಲ್ಲಿ ಮುಳುಗಿ ಸತ್ತಿದ್ದ. ಖಾಲಿ ದೋಣಿ ಮಾತ್ರ ಒಂದು ಗೀರೂ ಇಲ್ಲದೆ ತೇಲಿ ಬಂದಿತ್ತು. ಆ ದೋಣಿಯನ್ನು ವರ್ಷವಿಡೀ ನೋಡಿ ನೋಡಿ ಅವಳು ಹೊಸೆದ ಒಗಟುಗಳಿವು.

"ತುಂಬಿದ ಮನೆಯಲ್ಲಿ ಅಡಗಿ ಕೊಲ್ಲುತ್ತದೆ, ಮನೆ ಬರಿದಾದರೆ ಹೊರಬಂದು ದಾರಿ ತೋರುತ್ತದೆ. ಯಾವುದದು?"

"ಶತ್ರು!" ಎಂದ ಮೂಡಣದ ಯುವರಾಜ, ಮೀಸೆ ತಿರುವಿ.

"ಶತ್ರು ದಾರಿ ತೋರುತ್ತಾನೆಯೇ ಯುವರಾಜರೇ?"

"ನಮ್ಮ ಕಡೆ ತೋರುತ್ತಾನೆ," ಎಂದು ಗೊಣಗುತ್ತಲೇ ಹರಿಗೋಲು ಹತ್ತಿದ. ವರ್ತಕರ ಮಗ "ಮಹಾರಾಜರ ಕೃಪೆ!" ಎಂದು ಕೂಗಿದ. ಕೊಲ್ಲುವುದು ಎಂಬ ಮಾತು ನೆನಪಾದದ್ದೇ ಯಾರೂ ಹೇಳದೆ ತಾನೇ ಹೊಳೆಯ ಕಡೆ ನಡೆದ. ಹೀಗೆ ದಿನಕ್ಕೊಬ್ಬರಂತೆ ಹನ್ನೊಂದು ಜನ ಹೋದರು.

ಹನ್ನೆರಡನೆಯವನು ಆಸ್ಥಾನಕವಿ. ಉತ್ತರ ತಪ್ಪಿ, ಕಂಬ ತಬ್ಬಿಕೊಂಡು ನಿಂತುಬಿಟ್ಟ. ತಪ್ಪಿದವರನ್ನು ಸುಳಿಗೆ ಬಿಡುವ ಕೆಲಸಕ್ಕೆ ಹಚ್ಚಿದ್ದ ಅಂಬಿಗ ಸಣ್ಣೀರ ಅವನನ್ನು ನೋಡಿದ, ಕೈ ಮುಗಿದ.

"ಸಾಕು ಬುದ್ಧಿ. ಇನ್ನೊಬ್ಬರನ್ನ ಬಿಡೋಕೆ ನನ್ನ ಕೈಲಾಗಲ್ಲ."

"ಹಾಗಾದರೆ ನೀನೇ ಬಿಡಿಸು!" ರಾಜ ಗುಡುಗಿದ. "ತಪ್ಪಿದರೆ ಇಬ್ಬರಿಗೂ ಒಂದೇ ಹರಿಗೋಲು."

ಸಭೆ ಹೊಟ್ಟೆ ಹಿಡಿದು ನಕ್ಕಿತು. ಸಣ್ಣೀರ ರಾಜಕುಮಾರಿಯ ಕಡೆ ತಿರುಗಿದ.

"ಮೊದಲನೇದು ಹೊಳೆಯೊಳಗಿನ ಬಂಡೆ ಕಣ್ರವ್ವ. ನೀವು ಬಾಗಿನ ಬಿಡೋಕೆ ಹೊಳೆ ತುಂಬಿದಾಗ ಬರ್ತೀರಿ, ನಿಮಗದು ಕಾಣಲ್ಲ. ಬೇಸಿಗೇಲಿ ನಮಗೆ ಕೆಲಸವೂ ಇಲ್ಲ, ಕೂಳೂ ಇಲ್ಲ. ಆಗ ಒಣಹೊಳೇಲಿ ನಡೆದು ಒಂದೊಂದು ಬಂಡೇನೂ ಗುರುತು ಇಟ್ಕೋತೀವಿ."

ಮಲ್ಲಲದೇವಿ ಎದ್ದು ನಿಂತಳು. "ಗೆದ್ದವನ ಮನೆಗೆ ನೂರು ಜನ ಬಂದರೂ ಸಿಗದು, ಸೋತವನ ಮನೆಗೆ ಒಬ್ಬರು ಬಂದರೂ ಸಿಗುವುದು. ಏನದು?"

"ನಮ್ಮೋರು ಯಾರು ಅನ್ನೋ ಗುರುತು. ನನ್ನ ಹರಿಗೋಲು ಹರಿದುಹೋದಾಗ ದಿನಾ ಹತ್ತುತ್ತಿದ್ದ ನೂರು ಜನವೂ ಬೇರೆ ಅಂಬಿಗನ ಕಡೆ ಹೋದ್ರು. ಚರ್ಮ ಹೊತ್ತು ತಂದು ಹೊಲಿದುಕೊಟ್ಟೋಳು ಪಕ್ಕದ ಮನೆ ನಿಂಗವ್ವ. ನನ್ನ ಜೊತೆ ಬರೀ ಜಗಳ ಆಡೋಳು!"

ರಾಜ ಹುಬ್ಬು ಗಂಟಿಕ್ಕಿ ಸಭೆಯತ್ತ ತಿರುಗಿದ. ಎಲ್ಲರ ನಗುವೂ ಒಟ್ಟಿಗೇ ನಿಂತಿತು. ಅದನ್ನು ಅವನು ಗಮನಿಸಿದ್ದು ಅದೇ ಮೊದಲು.

ಮೂರನೆಯದನ್ನು ಮಲ್ಲಲದೇವಿ ಹೊಳೆಯ ಕಡೆ ನೋಡುತ್ತ ಕೇಳಿದಳು. "ಗೆಲ್ಲಬಲ್ಲವನನ್ನು ನುಂಗಿ, ಏನೂ ಮಾಡಲಾರದ್ದನ್ನು ಉಗುಳುವುದು ಯಾವುದು?"

"ಸುಳಿ, ತಾಯಿ."

"ಸುಳ್ಳು!" ರಾಜ ಸಿಂಹಾಸನದಿಂದ ನೆಗೆದ. "ಏನೂ ಮಾಡಲಾಗದ ಹನ್ನೊಂದು ಜನ ಅಲ್ಲೇ ಸತ್ತರಲ್ಲ!"

ಸಣ್ಣೀರ ತಲೆ ಕೆರೆದುಕೊಂಡ. "ಅದೇ ಬುದ್ಧಿ, ಹೇಳೋಣ ಅಂತಿದ್ದೆ. ಯಾರೂ ಸತ್ತಿಲ್ಲ. ಕೆಳಗಿನ ನಡುಗಡ್ಡೇಲಿ ಅವ್ರೆ. ನಿಮ್ಮ ಕಾವಲಿನೋರು ಹೆದರಿ ತಿರುವಿನಿಂದಾಚೆ ಬರಲೇ ಇಲ್ಲ. ಅಷ್ಟು ಜನಕ್ಕೆ ಅಂಬಲಿ ಕಾಯಿಸಿ ನಿಂಗವ್ವನಿಗೆ ಸಾಕಾಗಿದೆ. ಮೂಡಣದ ಯುವರಾಜರಂತೂ ದಿನಾ ಉಪ್ಪಿನಕಾಯಿ ಕೇಳ್ತಾರೆ!"

ಕವಿ ಕಂಬ ಬಿಟ್ಟ.

"ನಾನೂ ಒಂದ್ಸಲ ಸುಳಿಗೆ ಬಿದ್ದಿದ್ದೆ," ಎಂದ ಸಣ್ಣೀರ. "ಹುಟ್ಟು ಮುರಿಯೋವರೆಗೂ ಎದುರು ಹಾಕಿದೆ. ಹಾಕಿದಷ್ಟೂ ಒಳಕ್ಕೆ ಎಳೀತು. ಮುರಿದ ಮೇಲೆ ತಳದಲ್ಲಿ ಬಿದ್ಕೊಂಡು ಅಳ್ತಾ ಅದರ ಜೊತೇಲೇ ತಿರುಗಿದೆ. ಏಳನೇ ಸುತ್ತಿಗೆ ಅದೇ ಹೊರಕ್ಕೆ ಎಸೀತು. ಇವರಿಗೂ ಅಷ್ಟೇ ಹೇಳಿದ್ದು: ಅಲ್ಲಾಡದೆ ಮಲಗಿ. ನೀವು ಹುಟ್ಟು ಕೊಡಬೇಡ ಅಂದಿದ್ದೇ ಅವರನ್ನ ಉಳಿಸ್ತು ಬುದ್ಧಿ."

"ಅಣ್ಣನಿಗೆ ಇದನ್ನು ಯಾರೂ ಹೇಳಲೇ ಇಲ್ಲವಲ್ಲ!" ಮಲ್ಲಲದೇವಿ ಅತ್ತಳು.

"ಯಾವಾಗಲೂ ಗೆಲ್ಲೋರಿಗೆ ಯಾರು ಹೇಳ್ತಾರೆ ತಾಯಿ?"

ರಾಜ ಸಿಂಹಾಸನಕ್ಕೆ ಮರಳದೆ ಅದರ ಮೆಟ್ಟಿಲ ಮೇಲೆ ಕೂತ. ಆಮೇಲೆ ಅರ್ಧ ರಾಜ್ಯ ಎಂದ. ಸಣ್ಣೀರ ಹೊಳೆಯ ಯಜಮಾನಿಕೆ ಸಾಕೆಂದ. ಮದುವೆಯ ಮಾತಿಗೆ ರಾಜಕುಮಾರಿಯೇ ಅಡ್ಡ ಬಂದಳು: "ಅದಿರಲಿ, ಮೊದಲು ನನಗೆ ಹರಿಗೋಲು ನಡೆಸಲು ಕಲಿಸು." ಮದುವೆಯೂ ಆಯಿತು, ಎರಡು ವರ್ಷ ತಡವಾಗಿ, ಅವಳು ಒಬ್ಬಳೇ ಹೊಳೆ ದಾಟಿ ಬಂದ ಮೇಲೆ.

ಅದಕ್ಕೂ ಮುಂಚೆ, ಒಗಟು ಬಿಡಿಸಿದ ಮರುಬೇಸಿಗೆಯಲ್ಲೇ, ಒಣಹೊಳೆಯಲ್ಲಿ ಮೂವರು ನಡೆಯುತ್ತಿದ್ದರು. ಕಿರೀಟ ಅರಮನೆಯಲ್ಲೇ ಬಿಟ್ಟು ಬಂದಿದ್ದ ಹಿಂದಿನವನಿಗೆ ಬರಿಗಾಲು ಹೊಸದು.

"ಅಯ್ಯಯ್ಯೋ, ಬೆರಳು! ಇದು ಯಾವುದಯ್ಯ?"

"ಚೆನ್ನಾಗಿ ನೋಡ್ಕೊಳ್ಳಿ ಬುದ್ಧಿ," ಎಂದ ಸಣ್ಣೀರ. "ಮಳೆಗಾಲದಲ್ಲಿ ಇದು ಕಾಣಲ್ಲ."