ವೈರು ಕತ್ತರಿಸಿದ ಕಿವಿ

“ಅಜ್ಜಾರ, ಈಗ ಧ್ಯಾನಕ್ಕ ಕುಂತ್ರ ನನಗ ಯಾವ ದನಿನೂ ಕೇಳಸೂದಿಲ್ಲ. ಇದಕ್ಕ ಶಾಂತಿ ಅನ್ನಬಹುದೇನ್ರಿ?”

ಕೇಳಿದವನು ಅಡಿವೆಪ್ಪ. ಮಠಕ್ಕೆ ಬಂದು ನಾಲ್ಕು ವರ್ಷವಾಗಿದ್ದ ಶಿಷ್ಯ. ಕೇಳಿದ್ದು ನಮ್ಮ ಗುರುಗಳನ್ನು. ಅವರನ್ನು ನಾವೆಲ್ಲ ಅಜ್ಜನವರು ಎನ್ನುತ್ತೇವೆ. ಬೆಳಗಿನ ಪೂಜೆ ಮುಗಿದಿತ್ತು. ಅಜ್ಜನವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ.

ಅಡಿವೆಪ್ಪನಿಗೆ ಒಬ್ಬಳೇ ತಂಗಿ, ನೀಲವ್ವ. ಅವಳ ಗಂಡ ಹೊಡೆಯುತ್ತಿದ್ದ. ಅವಳು ಅಣ್ಣನಿಗೆ ಫೋನ್ ಮಾಡಿ ಅಳುತ್ತಿದ್ದಳು, ಬಂದು ಕರೆದುಕೊಂಡು ಹೋಗು ಎನ್ನುತ್ತಿದ್ದಳು. ಆ ಅಳು ಧ್ಯಾನಕ್ಕೆ ಕೂತಾಗಲೂ ಇವನ ಬೆನ್ನು ಬಿಡುತ್ತಿರಲಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ಇವನು ಫೋನ್ ಬಂದ್ ಮಾಡಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಕೆಲವು ತಿಂಗಳು ಅವಳ ದನಿ ತಲೆಯೊಳಗೇ ಕೇಳಿತಂತೆ. ಆಮೇಲೆ ಅದೂ ನಿಂತಿತು. ಇದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನ ಮುಖ ತಿಳಿಯಾದದ್ದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ.

ತಂಗಿ ಹೇಗಿದ್ದಾಳೆ ಎಂದು ಅಜ್ಜನವರು ಕೇಳಿದರು. ಚೆನ್ನಾಗಿಯೇ ಇರಬೇಕು, ಏನೂ ಸುದ್ದಿಯಿಲ್ಲ ಎಂದ ಅಡಿವೆಪ್ಪ. ಅಜ್ಜನವರು ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿ ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ನೀರಿನ ಸದ್ದು ಹುಡುಕುವವನೊಬ್ಬನಿದ್ದ. ನಲ್ಲಿ ನೀರಿನ ಪೈಪು ರಸ್ತೆಯ ಕೆಳಗೆ ಎಲ್ಲೋ ಒಡೆದಿರುತ್ತದೆ. ಮೇಲೆ ನೋಡಿದರೆ ಕಾಣುವುದಿಲ್ಲ. ಇವನು ಹೋಗಿ ನೆಲಕ್ಕೆ ಒಂದು ಕಬ್ಬಿಣದ ಕೋಲು ಊರುತ್ತಿದ್ದ. ಕೋಲಿಗೆ ಸಿಕ್ಕ ಸದ್ದು ಅವನ ಸೊಂಟದ ಪೆಟ್ಟಿಗೆಗೆ ಬಂದು ದೊಡ್ಡದಾಗುತ್ತಿತ್ತು. ಪೆಟ್ಟಿಗೆಯಿಂದ ಕಿವಿಯ ಹೆಡ್‌ಫೋನಿಗೆ ಒಂದು ವೈರು. ಅವನು ಕಣ್ಣು ಮುಚ್ಚಿ ಕೇಳಿ, ಇಲ್ಲಿ ಅಗೆಯಿರಿ ಎನ್ನುತ್ತಿದ್ದ. ಅಗೆದರೆ ಅಲ್ಲೇ ನೀರು ಸೋರುತ್ತಿರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅವನ ಮಾತು ಒಮ್ಮೆಯೂ ಹುಸಿಯಾಗಿರಲಿಲ್ಲ.

ಆ ವೈರು ಅವನಿಗೆ ದೊಡ್ಡ ಪೀಡೆಯಾಗಿತ್ತು. ನಡೆದರೆ ಕಾಲಿಗೆ ತೊಡರುತ್ತಿತ್ತು, ಬಗ್ಗಿದರೆ ಕುತ್ತಿಗೆಗೆ ಸುತ್ತಿಕೊಳ್ಳುತ್ತಿತ್ತು. ಒಮ್ಮೆ ಪೇಟೆಯಲ್ಲಿ ಹಾದುಹೋಗುತ್ತಿದ್ದ ಬೈಕಿಗೆ ಸಿಕ್ಕಿಕೊಂಡು ಇವನನ್ನು ನಾಲ್ಕು ಮಾರು ಎಳೆದುಕೊಂಡು ಹೋಯಿತು. ಮೊಣಕೈ ಮುರಿಯಿತು. ಜನ ಮೊದಲು ನಕ್ಕರು, ಆಮೇಲೆ ಎತ್ತಿದರು. ಅದರ ಜೊತೆಗೆ ವೈರಿನ ಹೆಡ್‌ಫೋನಿನಲ್ಲಿ ಯಾವಾಗಲೂ ಒಂದು ಸುಂಯ್ ಎನ್ನುವ ಸದ್ದು ಇರುತ್ತಿತ್ತು. ಕೆಲಸ ಮುಗಿಸಿ ಮನೆಗೆ ಬಂದರೂ ಅದು ಕಿವಿಯಲ್ಲಿ ಉಳಿಯುತ್ತಿತ್ತು, ಊಟಕ್ಕೆ ಕೂತರೂ ಉಳಿಯುತ್ತಿತ್ತು. ವೈರಿನ ಮೇಲೆ ಅವನಿಗೆ ಸಿಟ್ಟು ಬಂದದ್ದು ತಪ್ಪಲ್ಲ.

ಅವನು ಕೈಗೆಲಸ ಬಲ್ಲವನು. ತನ್ನ ಹೆಡ್‌ಫೋನಿಗೆ ವೈರೇ ಇಲ್ಲದಂತೆ ಮಾಡಿಕೊಳ್ಳುತ್ತೇನೆ ಎಂದು ಕೂತ. ಕೆಟ್ಟುಹೋದ ಒಂದು ನೆಕ್‌ಬ್ಯಾಂಡ್ ಇಯರ್‌ಫೋನ್ ಬಿಚ್ಚಿ ಅದರ ಬ್ಲೂಟೂತ್ ಬೋರ್ಡು ಹೊರಗೆ ತೆಗೆದ. ಹೆಡ್‌ಫೋನಿನ ಕಿವಿಯ ಬಟ್ಟಲು ತೆರೆದು ವೈರನ್ನು ಬುಡಕ್ಕೇ ಕತ್ತರಿಸಿದ. ಬೋರ್ಡಿನ ಎಳೆಗಳನ್ನು ಒಳಗಿನ ಸ್ಪೀಕರಿಗೆ ಬೆಸುಗೆ ಹಾಕಿದ. ಸಣ್ಣದೊಂದು ಬ್ಯಾಟರಿಯನ್ನು ಸ್ಪಂಜಿನ ಹಿಂದೆ ಅಂಟಿಸಿದ. ಚಾರ್ಜ್ ಮಾಡಲು ಬೇಕಾದ ತೂತನ್ನು ಕಾಯಿಸಿದ ಮೊಳೆಯಿಂದ ಕೊರೆದ. ಸದ್ದನ್ನು ಗಾಳಿಯಲ್ಲಿ ಕಳಿಸುವ ಒಂದು ಡಬ್ಬಿಯನ್ನು ಅಂಗಡಿಯಿಂದ ತಂದು ಸೊಂಟದ ಪೆಟ್ಟಿಗೆಗೆ ಸಿಕ್ಕಿಸಿದ. ಎರಡು ಭಾನುವಾರ ಹಿಡಿಯಿತು.

ಹಾಕಿಕೊಂಡು ನೋಡಿದ. ವೈರಿಲ್ಲ. ಅದಕ್ಕಿಂತ ಹೆಚ್ಚು ಅವನಿಗೆ ಹಿಡಿಸಿದ್ದು ಇನ್ನೊಂದು: ಆ ಸುಂಯ್ ಕೂಡ ಇಲ್ಲ. ಸೋರುವ ಪೈಪಿನ ಮೇಲೆ ಕೋಲು ಊರಿದರೆ ನೀರಿನ ಸದ್ದು ಸ್ವಚ್ಛವಾಗಿ ಕೇಳಿತು. ಕೋಲು ಎತ್ತಿದರೆ ಏನೂ ಇಲ್ಲ, ಗುಡಿಯ ಗರ್ಭಗುಡಿಯಷ್ಟು ನಿಶ್ಶಬ್ದ. ಅದು ತನ್ನ ಕೈಗುಣ ಎಂದು ಅವನು ಎಣಿಸಿದ. ಆ ವಾರ ಮೂರು ಕಡೆ ಸೋರಿಕೆ ಹಿಡಿದ. ಹೆಂಡತಿಗೆ ತೋರಿಸಿದ, ಜೊತೆಯವರಿಗೆ ತೋರಿಸಿದ. ಅನುಮಾನ ಪಡಲು ಯಾರಿಗೂ ಕಾರಣವಿರಲಿಲ್ಲ.

ಮುಂದಿನ ತಿಂಗಳು ಆ ಊರಿನಲ್ಲಿ ಕಟ್ಟುತ್ತಿದ್ದ ಒಂದು ಮೂರಂತಸ್ತಿನ ಕಟ್ಟಡ ಕುಸಿಯಿತು. ಕೆಲಸದವರೆಲ್ಲ ಹೊರಗೆ ಬಂದರು, ಕೆಲವರು ಕೈಕಾಲು ಮುರಿದುಕೊಂಡು ಬಂದರು. ಒಬ್ಬಳು ಮಾತ್ರ ಬರಲಿಲ್ಲ. ಅವಳು ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಗೌಂಡಿಯ ಹೆಂಡತಿ, ದುರ್ಗವ್ವ. ಗಂಡ ಗೋಡೆ ಕಟ್ಟುತ್ತಿದ್ದ, ಅವಳು ಸಿಮೆಂಟು ಕಲಸಿ ಹೊತ್ತು ಕೊಡುತ್ತಿದ್ದಳು. ಈ ಕತೆಯಲ್ಲಿ ಹೆಸರಿರುವುದು ಅವಳೊಬ್ಬಳಿಗೇ, ಅದನ್ನು ನೆನಪಿಟ್ಟುಕೋ ಎಂದು ಅಜ್ಜನವರು ಅಡಿವೆಪ್ಪನಿಗೆ ಹೇಳಿದರು.

ಆ ಗಂಡಹೆಂಡತಿಗೆ ಒಂದು ರೂಢಿಯಿತ್ತು. ಮೇಲಂತಸ್ತಿನಿಂದ ಕೂಗಿದರೆ ಕೆಳಗೆ ಸಿಮೆಂಟು ಕಲಸುವ ಮಿಷನ್ನಿನ ಗದ್ದಲದಲ್ಲಿ ಕೇಳುವುದಿಲ್ಲ. ಅದಕ್ಕೆ ಗೌಂಡಿ ತನ್ನ ಗಾರೆ ಮೆತ್ತುವ ಕರಣಿಯಿಂದ ಕಬ್ಬಿಣದ ಸಳಿಗೆ ಮೂರು ಸಲ ಬಡಿಯುತ್ತಿದ್ದ. ಬುಟ್ಟಿ ತಾ ಎಂದು ಅರ್ಥ. ಅವಳು ಕೆಳಗಿನಿಂದ ಒಂದು ಸಲ ಬಡಿಯುತ್ತಿದ್ದಳು. ತರುತ್ತೇನೆ ಎಂದು ಅರ್ಥ. ಹದಿನೈದು ವರ್ಷ ಎಲ್ಲ ಕಟ್ಟಡಗಳಲ್ಲೂ ಅವರು ಹಾಗೆಯೇ ಮಾತಾಡಿಕೊಂಡಿದ್ದರು.

ಮರುದಿನ ಬೆಳಿಗ್ಗೆ ನೀರಿನ ಸದ್ದು ಹುಡುಕುವವನನ್ನು ಕರೆಸಿದರು. ನೆಲದೊಳಗಿನ ಸದ್ದು ಹಿಡಿಯುವ ಸಾಮಾನು ಆ ಊರಿನಲ್ಲಿ ಇದ್ದದ್ದು ಅವನೊಬ್ಬನ ಹತ್ತಿರ. ಒಂದು ಕಟ್ಟಳೆ ಮಾಡಿಕೊಂಡರು. ಅವನು ಕೈ ಎತ್ತಿದರೆ ಜೆಸಿಬಿ ನಿಲ್ಲಬೇಕು, ಜನ ಕೆಮ್ಮಲೂಬಾರದು. ಅವನು ಕೈ ಇಳಿಸಿದ ಮೇಲೆಯೇ ಕೆಲಸ ಮುಂದುವರಿಯಬೇಕು. ಎಲ್ಲಿ ಮೊದಲು ತೋಡಬೇಕು ಎನ್ನುವುದನ್ನು ಅವನಿಗೆ ಕೇಳಿದ್ದನ್ನು ನೋಡಿ ತೀರ್ಮಾನಿಸುವುದು.

ಅವನು ನಾಲ್ಕು ಕಡೆ ಕೋಲು ಊರಿ ಕೇಳಿದ. ಏನೂ ಇಲ್ಲ. ಐದನೆಯದು ತೆಂಕಣ ಮೂಲೆ. ಅಲ್ಲಿ ಮುರಿದ ತೊಲೆಯೊಂದರಿಂದ ಒಂದು ಸಳಿ ಹೊರಗೆ ಚಾಚಿತ್ತು. ಗೌಂಡಿ ಅದರ ಮುಂದೆ ಮೊಣಕಾಲೂರಿ ಕರಣಿಯಿಂದ ಮೂರು ಸಲ ಬಡಿದ. ಆಮೇಲೆ ಸಳಿಗೆ ಕಿವಿ ಹಚ್ಚಿದ. ಅವನ ಮುಖ ಬದಲಾದದ್ದನ್ನು ಎಲ್ಲರೂ ನೋಡಿದರು.

“ಅಣ್ಣಾರ, ಆಕಿ ಬಡಿಯಾಕತ್ತಾಳ್ರಿ. ಒಂದ ಸಲ ಬಡದಳು. ನೀವೂ ಬಗ್ಗಿ ಈ ಸಳಿಗೆ ಬರೇ ಕಿವಿ ಹಚ್ಚಿ ಕೇಳ್ರಿ.”

“ನನಗ ಏನೂ ಕೇಳಸೂದಿಲ್ಲಪಾ. ದುಃಖದಾಗ ಕಿವಿ ಮೋಸ ಮಾಡತಾವ.”

ಸದ್ದು ಹುಡುಕುವವನು ಕೆಟ್ಟವನಾಗಿರಲಿಲ್ಲ. ಗೌಂಡಿಯ ಹೆಗಲು ತಟ್ಟಿಯೇ ಹೇಳಿದ. ಹೆಡ್‌ಫೋನಿನಲ್ಲಿ ಒಂದಿಷ್ಟೂ ಸದ್ದಿರಲಿಲ್ಲ, ಅದು ನಿಜ. ಗೌಂಡಿ ಹಿಂದಿನ ದಿನದಿಂದ ಊಟ ಮಾಡಿರಲಿಲ್ಲ, ಅತ್ತು ಕಣ್ಣು ಊದಿದ್ದವು, ಅದೂ ನಿಜ. ಇಷ್ಟು ಸಾಮಾನು ಹೊತ್ತು ತಂದವನಿಗೆ ಸಿಗದ ಸದ್ದು ಬರೇ ಕಿವಿಗೆ ಸಿಗುತ್ತದೆಯೇ ಎಂದು ಅವನಿಗೆ ಅನಿಸಿತು. ಇಷ್ಟು ಜನರ ಎದುರು ಹೆಡ್‌ಫೋನ್ ತೆಗೆದಿಟ್ಟು ಮಣ್ಣಿನಲ್ಲಿ ಬಗ್ಗುವುದಕ್ಕೆ ನಾಚಿಕೆಯೂ ಆಯಿತು. ಅಲ್ಲೇ ಬಗ್ಗಿದ್ದರೆ ಸಾಕಿತ್ತು. ಅವನು ಬಗ್ಗಲಿಲ್ಲ, ಕೈ ಇಳಿಸಿದ.

ತೋಡುವ ಕೆಲಸ ನೋಡಿಕೊಳ್ಳುತ್ತಿದ್ದ ಅಧಿಕಾರಿ ಮೆಟ್ಟಿಲಿನ ಕಡೆಯಿಂದ ತೋಡಿರಿ ಎಂದ. ಜೆಸಿಬಿ ಆ ಕಡೆಗೆ ಹೋಯಿತು. ಗೌಂಡಿಯನ್ನು, ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ಕಳಿಸಿದರು. ಅವನು ಎರಡು ಸಲ ಹಗ್ಗ ದಾಟಿ ಬಂದ, ಎರಡು ಸಲವೂ ಎಳೆದುಕೊಂಡು ಹೋದರು. ಆ ದಿನವಿಡೀ ಮೆಟ್ಟಿಲಿನ ಕಡೆ ತೋಡಿದರು, ಮಾರನೆಯ ದಿನ ನಡುಮನೆಯ ಕಡೆ ತೋಡಿದರು. ತೆಂಕಣ ಮೂಲೆಗೆ ಬರುವಾಗ ಮೂರನೆಯ ದಿನದ ಮಧ್ಯಾಹ್ನವಾಗಿತ್ತು.

ದುರ್ಗವ್ವ ಅಲ್ಲೇ ಇದ್ದಳು. ತೊಲೆಯ ಕೆಳಗೆ ಒಬ್ಬರು ಕೂರುವಷ್ಟು ಜಾಗವಿತ್ತು, ಅದರಲ್ಲಿ ಕೂತಿದ್ದಳು. ಒಂದು ಪಾದ ಮಾತ್ರ ಕಲ್ಲಿಗೆ ಸಿಕ್ಕಿತ್ತು, ಮೈಮೇಲೆ ದೊಡ್ಡ ಗಾಯವಿರಲಿಲ್ಲ. ಕೈಯಲ್ಲಿ ಇಟ್ಟಿಗೆಯ ಚೂರು ಹಿಡಿದಿದ್ದಳು. ಅದು ಸವೆದು ನಿಂಬೆಹಣ್ಣಿನಷ್ಟಾಗಿತ್ತು. ಮಡಿಲ ತುಂಬ ಕೆಂಪು ಪುಡಿ. ಪಕ್ಕದ ಸಳಿಯಲ್ಲಿ ಒಂದೇ ಜಾಗದಲ್ಲಿ ತುಕ್ಕು ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಜೀವ ಹೋಗಿ ಬಹಳ ಹೊತ್ತಾಗಿಲ್ಲ ಎಂದು ಡಾಕ್ಟರು ಹೇಳಿದರು.

ಸದ್ದು ಹುಡುಕುವವನು ಅದೆಲ್ಲವನ್ನೂ ನೋಡಿದ. ಮನೆಗೆ ಬಂದು ಕೋಲನ್ನು ಬಾಗಿಲ ಹೊಸ್ತಿಲ ಮೇಲೆ ಊರಿದ. ಹೆಡ್‌ಫೋನ್ ಹಾಕಿಕೊಂಡು ಹೊಸ್ತಿಲನ್ನು ಮುಷ್ಟಿಯಿಂದ ಗುದ್ದಿದ. ಕೇಳಿತು. ಬೆರಳಿನಿಂದ ಬಡಿದ. ಕೇಳಿತು. ಉಗುರಿನಿಂದ ಮೆಲ್ಲಗೆ ತಟ್ಟಿದ. ಏನೂ ಇಲ್ಲ. ಮತ್ತೆ ತಟ್ಟಿದ, ಹತ್ತು ಸಲ ತಟ್ಟಿದ. ಏನೂ ಇಲ್ಲ. ಅಂಗಡಿಯಿಂದ ತಂದ ಆ ಡಬ್ಬಿ ಹಾಡು ಕೇಳುವವರಿಗಾಗಿ ಮಾಡಿದ್ದು. ಸದ್ದು ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಹಾಡು ಮುಗಿಯಿತು ಎಂದುಕೊಂಡು ಅದು ಬಾಯಿ ಮುಚ್ಚಿಬಿಡುತ್ತಿತ್ತು. ಸುಂಯ್ ಹೋದದ್ದೂ ಅದಕ್ಕೇ. ಅವನು ಕೈಗುಣ ಎಂದುಕೊಂಡದ್ದು ಇದನ್ನೇ.

ಅವನು ಬಟ್ಟಲು ಬಿಚ್ಚಿ ಬೋರ್ಡನ್ನು ಕಿತ್ತ. ಡಬ್ಬಿಯನ್ನೂ ಕಿತ್ತ. ಹಳೆಯ ವೈರನ್ನು ಹುಡುಕಿ ತಂದು ಬೆಸುಗೆ ಹಾಕಿದ. ಎರಡು ಸಲ ಬೆರಳು ಸುಟ್ಟುಕೊಂಡ. ಮತ್ತೆ ಕಿವಿಗೆ ಹಾಕಿದಾಗ ಸುಂಯ್ ಎಂದಿತು. ಆ ಸುಂಯ್ ಒಳಗೆ ಉಗುರಿನ ತಟ್ಟುವಿಕೆ ಕೇಳಿತು, ಒಳಕೋಣೆಯ ಗಡಿಯಾರ ಕೇಳಿತು, ಪಕ್ಕದ ಮನೆಯಲ್ಲಿ ಯಾರೋ ನಡೆದದ್ದು ಕೇಳಿತು. ಇಪ್ಪತ್ತು ವರ್ಷ ಬೈದುಕೊಂಡ ಆ ಸದ್ದು, ದಾರಿ ತೆರೆದಿದೆ ಎಂದು ಹೇಳುತ್ತಿದ್ದ ಸದ್ದಾಗಿತ್ತು. ಅವನು ಹೊಸ್ತಿಲ ಮೇಲೆ ಕೂತು ದೊಡ್ಡ ದನಿಯಲ್ಲಿ ಅತ್ತ.

ಮೂರು ದಿನ ಬಿಟ್ಟು ಅವನು ಗೌಂಡಿಯ ಶೆಡ್ಡಿಗೆ ಹೋದ. ಬೇರೆಯವನಾಗಿದ್ದರೆ ಹೋಗುತ್ತಿರಲಿಲ್ಲ, ಅವನಿಗೆ ಅಷ್ಟು ಮರ್ಯಾದೆ ಕೊಡಬೇಕು ಎಂದರು ಅಜ್ಜನವರು. ಗೌಂಡಿ ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಕರಣಿ ಇತ್ತು, ಬುಟ್ಟಿ ಇತ್ತು. ಇವನು ಎಲ್ಲವನ್ನೂ ಹೇಳಿದ. ವೈರು ಕತ್ತರಿಸಿದ್ದು, ಡಬ್ಬಿ ತಂದದ್ದು, ಅದು ಸಣ್ಣ ಸದ್ದನ್ನು ನುಂಗಿದ್ದು. ಅವಳು ಬಡಿಯುತ್ತಿದ್ದಳು, ನೀನು ಹೇಳಿದ್ದೇ ನಿಜ, ನನಗೆ ಕೇಳಲಿಲ್ಲ ಎಂದು ಹೇಳಿ ಕಾಲು ಹಿಡಿಯಲು ಬಗ್ಗಿದ.

ಗೌಂಡಿ ಕಾಲು ಹಿಂದಕ್ಕೆ ಎಳೆದುಕೊಂಡ. ಬೈಯಲಿಲ್ಲ, ಹೊಡೆಯಲಿಲ್ಲ.

“ಆಕಿ ಬಡದದ್ದು ನನಗ ಗೊತ್ತೈತ್ರಿ. ಬಡಿಯೂದು ಯಾವಾಗ ಬಿಟ್ಟಳು, ಅದೊಂದು ಹೇಳ್ರಿ.”

ಅಜ್ಜನವರು ಇಲ್ಲಿಗೆ ನಿಲ್ಲಿಸಿದರು. ಶೇಂಗಾದ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು ಸುಲಿಯತೊಡಗಿದರು. ಅಡಿವೆಪ್ಪ ಕಾದ. ಕತೆ ಮುಗಿದಿಲ್ಲ ಎಂದೇ ನಾನೂ ಎಣಿಸಿದ್ದೆ. ಕೊನೆಗೆ ಅವನು, ಆ ಮನುಷ್ಯ ಏನು ಉತ್ತರ ಹೇಳಿದ ಎಂದು ಕೇಳಿದ. ಅವನು ಆ ಕೆಲಸವನ್ನೂ ಬಿಟ್ಟ, ಊರನ್ನೂ ಬಿಟ್ಟ ಎಂದರು ಅಜ್ಜನವರು. ಆಮೇಲೆ ಕೈಯಲ್ಲಿದ್ದ ಕಾಯಿಯನ್ನು ಹಾಗೆಯೇ ಕೆಳಗಿಟ್ಟು ಅಡಿವೆಪ್ಪನ ಮುಖ ನೋಡಿದರು.

“ಈಗ ನೀ ಹೇಳಪಾ, ನೀಲವ್ವ ನಿನ್ನ ಕರಿಯೂದು ಯಾವಾಗ ಬಿಟ್ಟಳು?”